ರಾತ್ರಿ ಒಬ್ಬನೇ ನಡೆದರೆ ಅದು ರೋಗವೇ?

ಮಡಿಕೇರಿ ದಸರಾದ ದಿನಗಳಲ್ಲಿ ನನ್ನ ಕ್ಲಿನಿಕ್ಕಿಗೆ ಬರುವ ರೋಗಿಗಳೇ ಬೇರೆ. ಗಂಟಲು ಕಟ್ಟಿದವರು, ನಿದ್ದೆಗೆಟ್ಟು ತಲೆನೋವು ತಂದುಕೊಂಡವರು, ಕಂಡದ್ದೆಲ್ಲ ತಿಂದು ಹೊಟ್ಟೆ ಕೆಡಿಸಿಕೊಂಡವರು. ಕೆಲವು ವರ್ಷಗಳ ಹಿಂದೆ ಅಂಥದೊಂದು ಬೆಳಿಗ್ಗೆ ಮೂವರು ಯುವಕರು ನಾಲ್ಕನೆಯವನೊಬ್ಬನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದರು. ಊರೂರು ಸುತ್ತುವ ಆರ್ಕೆಸ್ಟ್ರಾ ತಂಡದವರು. ಮಡಿಕೇರಿಯಲ್ಲಿ ಒಂದು ಕಾರ್ಯಕ್ರಮ ಮುಗಿದಿತ್ತು. ಮುಂದಿನದು ಗೋಣಿಕೊಪ್ಪಲಿನಲ್ಲಿ, ಎರಡು ದಿನ ಬಿಟ್ಟು. ನಡುವೆ ಲಾಡ್ಜಿನಲ್ಲಿ ಬಿಡುವು.

"ಸಾರ್, ಇವನಿಗೊಂದು ನಿದ್ದೆ ಮಾತ್ರೆ ಬರೆದುಕೊಡಿ. ಮಧ್ಯರಾತ್ರಿ ಒಬ್ಬನೇ ಎದ್ದು ಹೋಗ್ತಾನೆ. ನಿನ್ನೆ ಪ್ರೋಗ್ರಾಂ ಇರಲಿಲ್ಲ, ಆದರೂ ಒಂದು ಗಂಟೆವರೆಗೆ ಕೋಟೆ ಹತ್ತಿರ ಅಲೀತಿದ್ದನಂತೆ. ತಲೆಗೇನಾದರೂ ಆಗಿದೆಯೋ ಏನೋ" ಎಂದರು.

ಹುಡುಗ ಕೀಬೋರ್ಡ್ ನುಡಿಸುವವ. ನಾಡಿ, ರಕ್ತದೊತ್ತಡ ಎಲ್ಲ ಸರಿಯಾಗಿತ್ತು. ಊಟ ಸೇರುತ್ತದೆ, ಕೆಲಸದಲ್ಲಿ ಆಸಕ್ತಿ ಇದೆ, ಮನೆಗೆ ದಿನಾ ಫೋನ್ ಮಾಡುತ್ತಾನೆ. "ಮತ್ತೆ ಯಾಕಪ್ಪಾ ಈ ಅಲೆದಾಟ?" ಎಂದೆ. "ಮಲಗಿದರೆ ತಲೆಯೊಳಗೆ ಹಾಡು ನಿಲ್ಲೋದಿಲ್ಲ ಸಾರ್. ಅರ್ಧ ಗಂಟೆ ನಡೆದರೆ ನಿಲ್ಲುತ್ತೆ. ಆಮೇಲೆ ಬಂದು ಮಲಗ್ತೀನಿ" ಎಂದ. ನಾನು ಮಾತ್ರೆ ಬರೆಯಲಿಲ್ಲ. ಅವನು ತನಗೆ ಬೇಕಾದ ಔಷಧವನ್ನು ತಾನೇ ಹುಡುಕಿಕೊಂಡಿದ್ದ.

ವೇದಿಕೆಯ ಮೇಲೆ ಮೂರು ಗಂಟೆ ನುಡಿಸುವವನ ದೇಹ ಓಟಗಾರನ ದೇಹದಂತೆಯೇ ಇರುತ್ತದೆ. ಅಡ್ರಿನಲಿನ್ ಏರಿರುತ್ತದೆ, ಹೃದಯ ಬಿರುಸಾಗಿ ಬಡಿಯುತ್ತದೆ, ಮೈ ಬಿಸಿಯಾಗಿರುತ್ತದೆ. ಕಣ್ಣಿಗೆ ಹೊಡೆಯುವ ದೀಪಗಳು, ನಿದ್ದೆಗೆ ಕರೆಯುವ ಮೆಲಟೋನಿನ್ ಎಂಬ ರಸ ಸ್ರವಿಸುವುದನ್ನು ತಡೆಯುತ್ತವೆ. ಪರದೆ ಬಿದ್ದ ಕೂಡಲೇ ಇದೆಲ್ಲ ಇಳಿಯುವುದಿಲ್ಲ. ದಿನಾ ಹೀಗಾದರೆ ಬಿಡುವಿನ ರಾತ್ರಿಯಲ್ಲೂ ಅದೇ ಹೊತ್ತಿಗೆ ಮೈ ಎಚ್ಚರವಾಗಿ ಕೂರುತ್ತದೆ. ನಮ್ಮೊಳಗಿನ ಈ ಗಡಿಯಾರ ಜೀವಕೋಶದಲ್ಲಿ ಹೇಗೆ ನಡೆಯುತ್ತದೆಂದು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ತಂಪು ಗಾಳಿಯಲ್ಲಿ ಮಂದ ಬೆಳಕಿನಲ್ಲಿ ನಿಧಾನವಾಗಿ ನಡೆದರೆ ಬಿಗಿದ ಸ್ನಾಯು ಸಡಿಲುತ್ತದೆ, ಉಸಿರು ಹದಕ್ಕೆ ಬರುತ್ತದೆ. ಬಹುಮುಖ್ಯವಾಗಿ, ಕಿವಿಗೆ ವಿಶ್ರಾಂತಿ ಸಿಗುತ್ತದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಅದೇ ಲೆಕ್ಕದಲ್ಲಿ 100 ಡೆಸಿಬಲ್ಲಿಗೆ ಸಿಗುವುದು ಬರೀ 15 ನಿಮಿಷ. ಸ್ಪೀಕರ್ ಪಕ್ಕ ನಿಲ್ಲುವ ಕಲಾವಿದನ ಕಿವಿ ಗುಂಯ್‌ಗುಡುವುದು ಇದಕ್ಕೇ. ಎರಡು ದಿನ ಕಳೆದರೂ ಆ ಸದ್ದು ನಿಲ್ಲದಿದ್ದರೆ ಕಿವಿ ತೋರಿಸಲೇಬೇಕು.

ಹಾಗಾದರೆ ರೂಮಿನಲ್ಲಿ ಉಳಿದ ಮೂವರು ಏನು ಮಾಡುತ್ತಿದ್ದರು? ಕೇಳಿದೆ. ಇಸ್ಪೀಟು, ಜೊತೆಗೆ "ನಿದ್ದೆಗೆ ಅಂತ ಸ್ವಲ್ಪ" ಎಂದು ನಕ್ಕರು. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ ನಿಜ, ಆದರೆ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಚೂರುಚೂರು ಮಾಡುತ್ತದೆ. ಅದರ ಮೇಲೆ ನಿದ್ದೆ ಮಾತ್ರೆಯನ್ನೂ ನುಂಗಿದರೆ ಉಸಿರೇ ನಿಲ್ಲಬಹುದು. ಅವರ ವ್ಯಾನಿನ ಚಾಲಕನೂ ಆ ಮೂವರಲ್ಲಿ ಒಬ್ಬ! ಸತತ 17 ಗಂಟೆ ಎಚ್ಚರವಿದ್ದವನ ಕೈಕಾಲಿನ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಪ್ರಯೋಗಗಳಿಂದ ತಿಳಿದಿದೆ. ನಮ್ಮ ಕಾನೂನಿನ ಮಿತಿ ಶೇಕಡಾ 0.03. ಅಂದರೆ ತೊಟ್ಟೂ ಕುಡಿಯದಿದ್ದರೂ ನಿದ್ದೆಗೆಟ್ಟವನು ಸಂಪಾಜೆ ಘಾಟಿಯ ತಿರುವುಗಳಲ್ಲಿ ಕುಡಿದವನಷ್ಟೇ ಅಪಾಯಕಾರಿ. ಅಂದು ಚಿಕಿತ್ಸೆ ಬೇಕಾಗಿದ್ದುದು ನಡೆದವನಿಗಲ್ಲ, ಉಳಿದವರಿಗೆ.

ಆದರೆ ಕೊಡಗಿನಲ್ಲಿ ರಾತ್ರಿ ನಡೆಯುವುದಕ್ಕೆ ಅದರದೇ ಕಟ್ಟುಪಾಡುಗಳಿವೆ. ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪಲು ಕಡೆಯ ತೋಟದ ರಸ್ತೆಗಳು ಕತ್ತಲಾದ ಮೇಲೆ ಆನೆಗಳವು. ಹೊರಗಿನಿಂದ ಬಂದವರು ಅಲ್ಲಿ ಕಾಲಿಡಬಾರದು. ಪೇಟೆಯ ದೀಪವಿರುವ ಬೀದಿಯಲ್ಲೇ ನಡೆಯಿರಿ. ಕಾಲಿಗೆ ಶೂ, ಕೈಯಲ್ಲಿ ಟಾರ್ಚು, ಮೈಮೇಲೆ ತಿಳಿ ಬಣ್ಣದ ಬಟ್ಟೆ ಇರಲಿ. ಫುಟ್‌ಪಾತ್ ಇಲ್ಲದ ಕಡೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಸಾಗಿ. ಎಲ್ಲಿಗೆ ಹೋಗುತ್ತೀರೆಂದು ಒಬ್ಬರಿಗಾದರೂ ಹೇಳಿ ಹೊರಡಿ. ಮಂಜು ಕವಿದ ರಾತ್ರಿ ಕಿವಿ, ಕತ್ತು ಮುಚ್ಚಿಕೊಳ್ಳಿ. ಆಸ್ತಮಾ ಇರುವವರು ಅಂದು ಹೋಗದಿರುವುದೇ ಮೇಲು. ಬಿರುಸಾಗಿ ನಡೆಯಬೇಡಿ, ಇದ್ದ ನಿದ್ದೆಯೂ ಓಡುತ್ತದೆ. ಫೋನು ಜೇಬಿನಲ್ಲೇ ಇರಲಿ.

ತಂಡದ ಗಾಯಕಿಯರಿಗೂ ಇದೇ ಆಯಾಸ, ಇದೇ ಎಚ್ಚರ. ಆದರೆ ಮಧ್ಯರಾತ್ರಿ ಒಬ್ಬಳೇ ನಡೆದುಬರುವ ಧೈರ್ಯ ನಮ್ಮ ಯಾವ ಊರೂ ಅವರಿಗೆ ಕೊಟ್ಟಿಲ್ಲ. ಇದು ನಾಚಿಕೆಯ ವಿಷಯ. ಕಾರ್ಯಕ್ರಮ ಏರ್ಪಡಿಸುವವರು ಅಂಗಳವೋ ಟೆರೇಸೋ ಇರುವ, ಕಾವಲಿರುವ ವಸತಿಯನ್ನಾದರೂ ಅವರಿಗೆ ಒದಗಿಸಬೇಕು.

ಇನ್ನೊಂದು ಮಾತು ಮನೆಯವರಿಗೆ. ಏಕಾಂತ ಬೇಡುವವರೆಲ್ಲ ರೋಗಿಗಳಲ್ಲ. ದಿನವಿಡೀ ಜನರ ನಡುವೆ, ಒಂದೇ ವ್ಯಾನಿನಲ್ಲಿ, ಒಂದೇ ರೂಮಿನಲ್ಲಿ ಇರುವವನಿಗೆ ಅರ್ಧ ಗಂಟೆ ತನ್ನಷ್ಟಕ್ಕೆ ಇರಬೇಕೆನಿಸುವುದು ಸಹಜ. ನಡೆದು ಬಂದು ಮಲಗಿ, ಬೆಳಿಗ್ಗೆ ಗೆಲುವಾಗಿ ಎದ್ದರೆ ಚಿಂತೆ ಬೇಡ. ಆದರೆ ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ, ಊಟ ಬೇಡವೆಂದರೆ, ನುಡಿಸುವುದೇ ಬೇಸರವೆಂದರೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಆ ನಡಿಗೆಯ ಅರ್ಥವೇ ಬೇರೆ. ಆಗ ಬೈಯದೆ ಜೊತೆಗೆ ಹೆಜ್ಜೆ ಹಾಕಿ, ವೈದ್ಯರ ಬಳಿ ಕರೆತನ್ನಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ದಶಮಂಟಪಗಳ ರಾತ್ರಿ ನಾವು ಬೆಳಗಾಗುವವರೆಗೆ ಕುಣಿದು, ಮರುದಿನ ಮಧ್ಯಾಹ್ನದವರೆಗೆ ಮಲಗುತ್ತೇವೆ. ನಮ್ಮನ್ನು ಕುಣಿಸಿದವರು ಅಷ್ಟು ಹೊತ್ತಿಗೆ ಇನ್ನೊಂದು ಊರಿನಲ್ಲಿ ಪೆಟ್ಟಿಗೆ ಬಿಚ್ಚುತ್ತಿರುತ್ತಾರೆ. ಅವರಿಗೂ ಏಳು ಗಂಟೆಯ ನಿದ್ದೆ ಬೇಕು. ಕಾರ್ಯಕ್ರಮ ಗೊತ್ತುಮಾಡುವಾಗ ಸಂಭಾವನೆಯ ಜೊತೆ ಒಂದು ರಾತ್ರಿಯ ವಸತಿಯನ್ನೂ ಮಾತಾಡಿ. ಆ ಹುಡುಗರಿಗೆ ನಾನು ಬರೆದುಕೊಟ್ಟ ಚೀಟಿಯಲ್ಲಿ ಇದ್ದುದು ಎರಡೇ ಸಾಲು: ಬಾಟಲಿ ಬಿಡಿ, ನಾಳೆ ರಾತ್ರಿ ಇವನ ಜೊತೆ ನೀವೂ ನಡೆಯಿರಿ, ನಾಲ್ಕು ಹೆಜ್ಜೆ ಹಿಂದೆ, ಮಾತಾಡದೆ.