ಕಾಯಿಲೆ ಮೀನಿಗೋ, ತೊಟ್ಟಿಗೋ?



ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ನಡೆದ ಒಂದು ಸಂಗತಿಯಿಂದ ನನಗೆ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

ನಮ್ಮದು ಕೂಡುಕುಟುಂಬ. ತೊಟ್ಟಿಯನ್ನು ದೊಡ್ಡಪ್ಪ ಕಾರವಾರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಐವತ್ತು ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಎರಡು ಗೋಲ್ಡ್ ಫಿಶ್ ದೊಡ್ಡಪ್ಪನ ಮಗ ಅಣ್ಣನವು, ಮೋಲಿಗಳು ನನ್ನವು, ಗಪ್ಪಿಗಳು ತಂಗಿಯವು. ಸೊಳ್ಳೆಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿಗೆ, ಟ್ಯಾಂಕಿಗೆ ಬಿಡುತ್ತಾರಲ್ಲ, ಅದೇ ಗಪ್ಪಿ. ಮೀನುಗಳನ್ನು ನಾವು ಹೀಗೆ ಪಾಲು ಮಾಡಿಕೊಂಡಿದ್ದೆವು. ಆದರೆ ನೀರನ್ನು ಪಾಲು ಮಾಡಲು ಬರುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ನಾನು ಒಂದು ಹೊಸ ಕಪ್ಪು ಮೋಲಿ ತಂದು ಸೀದಾ ತೊಟ್ಟಿಗೆ ಬಿಟ್ಟೆ. ನಾಲ್ಕು ದಿನಕ್ಕೆ ಅದರ ಬಾಲದ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಬಂತು. ಮೈಯನ್ನು ಕಲ್ಲಿಗೆ ತಿಕ್ಕುತ್ತಿತ್ತು. ನಾನು ನೋಡಿದೆ, ಆದರೆ ಹೇಳಲಿಲ್ಲ. ಅಣ್ಣ ಬೈಯುತ್ತಾನೆ ಎಂಬ ಹೆದರಿಕೆ. ಎರಡು ದಿನ ಕಳೆದ ಮೇಲೆ ರಾತ್ರಿ ಯಾರಿಗೂ ಗೊತ್ತಾಗದಂತೆ ಅದನ್ನು ಹಿಡಿದು ಬಾಲ್ದಿಗೆ ಹಾಕಿ, ಇನ್ನು ಚಿಂತೆಯಿಲ್ಲ ಅಂದುಕೊಂಡು ಮಲಗಿದೆ. ವಾರದೊಳಗೆ ತಂಗಿಯ ಗಪ್ಪಿಗಳ ಮೇಲೆಲ್ಲ ಚುಕ್ಕೆ. ಮೂರು ಸತ್ತವು. ಅವಳು ಅವನ್ನು ತುಳಸಿಕಟ್ಟೆಯ ಹಿಂದೆ ಹುಗಿದು ಅಳುತ್ತ ಕೂತಾಗ ನಾನು ನಿಜ ಹೇಳಿದೆ.

ಆಮೇಲೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಔಷಧ. ದೊಡ್ಡಮ್ಮ ಹೇಳಿದರು, “ಎಲ್ಲಾ ಹಳ್ಳಕ್ಕೆ ಬಿಟ್ಟು ಬಾ ಮಾರಾಯ್ತಿ.” ಯಾರಿಗೋ ಜ್ವರಕ್ಕೆ ಕೊಟ್ಟು ಉಳಿದಿದ್ದ ಕ್ಯಾಪ್ಸೂಲನ್ನು ಒಡೆದು ನೀರಿಗೆ ಹಾಕೋಣ ಎಂದು ಚಿಕ್ಕಪ್ಪ. ಅಣ್ಣ ಮಾತ್ರ ಹಠ ಹಿಡಿದ: “ಕಾಯಿಲೆ ನಿನ್ನ ಮೀನಿಗೆ. ನನ್ನ ಮೀನಿನ ನೀರಿಗೆ ಎಂತಕ್ಕೆ ಮದ್ದು? ಅವಕ್ಕೆ ಒಂದೂ ಚುಕ್ಕೆ ಇಲ್ಲ.”

ಅಣ್ಣನ ಮಾತು ನ್ಯಾಯವಾಗಿಯೇ ಕೇಳುತ್ತದೆ. ಆದರೆ ಅದು ತಪ್ಪು ಎಂದು ವಿಜ್ಞಾನದ ಅಕ್ಕೋರನ್ನು ಕೇಳಿದ ಮೇಲೆ ತಿಳಿಯಿತು. ಈ ರೋಗ ತರುವುದು ಒಂದೇ ಜೀವಕೋಶದ ಜೀವಿ. ಹೆಸರು ಇಕ್ತಿಯೋಫ್ತಿರಿಯಸ್, ಚಿಕ್ಕದಾಗಿ ಇಕ್. ಚುಕ್ಕೆ ಕಾಣುವಾಗ ಅದು ಮೀನಿನ ಚರ್ಮದ ಒಳಗೆ ಕೂತು ಬೆಳೆಯುತ್ತಿರುತ್ತದೆ. ಆಗ ಯಾವ ಮದ್ದೂ ಅದಕ್ಕೆ ತಾಗುವುದಿಲ್ಲ. ಬೆಳೆದ ಮೇಲೆ ಕಳಚಿ ತಳಕ್ಕೆ ಬಿದ್ದು, ಕಲ್ಲಿಗೆ ಅಂಟಿ, ಒಂದು ಹೋಗಿ ನೂರಾರು ಮರಿಗಳಾಗುತ್ತದೆ. ಆ ಮರಿಗಳು ನೀರಲ್ಲಿ ಈಜಿ ಎರಡು ದಿನದೊಳಗೆ ಇನ್ನೊಂದು ಮೀನನ್ನು ಹಿಡಿಯಬೇಕು, ಇಲ್ಲವಾದರೆ ಸಾಯುತ್ತವೆ. ಈಜುವ ಈ ಹೊತ್ತಿನಲ್ಲಿ ಮಾತ್ರ ಮದ್ದು ಅವನ್ನು ಕೊಲ್ಲುತ್ತದೆ. ಅಂದರೆ ನಾನು ಬಾಲ್ದಿಗೆ ಹಾಕಿದ್ದು ಮೀನನ್ನು, ರೋಗವನ್ನು ತೊಟ್ಟಿಯಲ್ಲೇ ಬಿಟ್ಟಿದ್ದೆ! ಚುಕ್ಕೆಯಿಲ್ಲದ ಅಣ್ಣನ ಮೀನು ಕೂಡ ಅದೇ ನೀರಲ್ಲಿತ್ತು. ‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂಬ ಗಾದೆ ಇಲ್ಲಿ ಸರಿಹೋಗುತ್ತದೆ.

ಆದ್ದರಿಂದ ಬಿಳಿಚುಕ್ಕೆ ಬಂದರೆ ಇಡೀ ತೊಟ್ಟಿಗೇ ಚಿಕಿತ್ಸೆ ಮಾಡಬೇಕು ಎಂಬುದು ನನ್ನ ಖಂಡಿತ ಅಭಿಪ್ರಾಯ. ಮೀನಿಗೆ ಗಾಯವಾದರೆ, ಬೇರೆ ಮೀನು ಕಚ್ಚಿದರೆ ಅದನ್ನೊಂದನ್ನೇ ಬೇರೆ ಇಡುವುದು ಸರಿ. ಆದರೆ ಎಲ್ಲಾ ಕಾಯಿಲೆಗೂ ಅದೇ ಉಪಾಯ ನಡೆಯುವುದಿಲ್ಲ.

ಕ್ಯಾಪ್ಸೂಲ್ ಬೇಡ ಎನ್ನುವುದಕ್ಕೂ ಕಾರಣವಿದೆ. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು. ಇಕ್ ಬ್ಯಾಕ್ಟೀರಿಯಾ ಅಲ್ಲ. ಮೇಲಾಗಿ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷವನ್ನು ಕಡಿಮೆ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ತೊಟ್ಟಿಯಲ್ಲೇ ಇರುತ್ತವೆ. ಅವು ಸತ್ತರೆ ರೋಗ ಉಳಿದು ನೀರೂ ಕೆಡುತ್ತದೆ.

ನಮಗೆ ಕೈಗೆ ಸಿಗುವ ಮದ್ದು ಉಪ್ಪು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲೆಯವರಿಗೆ ಉಪ್ಪಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಸಾಣಿಕಟ್ಟೆಯ ಹರಳುಪ್ಪನ್ನೇ ಬಳಸಿದೆವು. ಲೀಟರಿಗೆ 2 ಗ್ರಾಂ, ಅಂದರೆ ಐವತ್ತು ಲೀಟರಿಗೆ 100 ಗ್ರಾಂ. ಒಮ್ಮೆಲೇ ಸುರಿಯದೆ, ತಂಬಿಗೆ ನೀರಲ್ಲಿ ಕರಗಿಸಿ ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದೆವು. ದಿನ ಬಿಟ್ಟು ದಿನ ತಳದ ಕಸದ ಜೊತೆ 15 ಲೀಟರ್ ನೀರು ತೆಗೆದು ಹೊಸ ನೀರು ಹಾಕುವುದು. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ಹೊಸ ನೀರಿನ ಪಾಲಿನ 30 ಗ್ರಾಂ ಮಾತ್ರ ಮತ್ತೆ ಸೇರಿಸಬೇಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳಲ್ಲಿ ಆ ನೀರನ್ನು ಎರಡು ದಿನ ತೆರೆದಿಟ್ಟೇ ಬಳಸಬೇಕು. ಮೋಲಿ, ಗಪ್ಪಿ, ಗೋಲ್ಡ್ ಫಿಶ್ ಇಷ್ಟು ಉಪ್ಪು ತಾಳುತ್ತವೆ. ಕ್ಯಾಟ್‌ಫಿಶ್ ಜಾತಿಯವಕ್ಕೆ ಮತ್ತು ನೀರಿನ ಗಿಡಗಳಿಗೆ ಕಷ್ಟ.

ಮುಖ್ಯವಾದದ್ದು ಇನ್ನೊಂದಿದೆ. ಆರನೇ ದಿನಕ್ಕೆ ಚುಕ್ಕೆ ಮಾಯವಾಯಿತು. ಅಣ್ಣ “ಸಾಕು” ಅಂದ. ಆದರೆ ತಳದಲ್ಲಿ ಮರಿಗಳು ಇನ್ನೂ ಇರಬಹುದು. ಆದ್ದರಿಂದ ಹದಿನಾಲ್ಕು ದಿನ ಬಿಡಲಿಲ್ಲ. ಉಳಿದ ಮೀನುಗಳೆಲ್ಲ ಬದುಕಿದವು.

ಕಡಲ ಮೀನಿಗೆ ಇದು ತಿರುವುಮುರುವು. ಕಾರವಾರದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಮುದ್ರದಲ್ಲಿ ಪಂಜರ ಕಟ್ಟಿ ಮೀನು ಸಾಕಿ ತೋರಿಸಿದ್ದಾರೆ. ಹಾಗೆ ಸಾಕುವ ಕಡಲ ಮೀನಿನ ಮೈಗೆ ಪರೋಪಜೀವಿ ಅಂಟಿದರೆ ಸ್ವಲ್ಪ ಹೊತ್ತು ಸಿಹಿನೀರಲ್ಲಿ ಅದ್ದುವ ಕ್ರಮವಿದೆ.

ಹಳ್ಳಕ್ಕೆ ಬಿಡುವ ಮಾತಿಗೆ ನನ್ನ ಪೂರ್ಣ ವಿರೋಧವಿದೆ. ನಮ್ಮ ಹಳ್ಳ ಗಂಗಾವಳಿ ಸೇರುತ್ತದೆ. ಮನೆಯ ರೋಗವನ್ನು ಹೊಳೆಗೆ ದಾಟಿಸಿದಂತಾಗುತ್ತದೆ. ಹೊರಗಿನ ಮೀನು ಊರ ಮೀನನ್ನು ತಿಂದು ಮುಗಿಸುತ್ತದೆ ಎಂಬ ಕಾರಣಕ್ಕೇ ಸರ್ಕಾರ 2000ದಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ನಿಷೇಧಿಸಿದೆ.

“ದಿನಾ ಬಂಗಡೆ, ತಾರ್ಲೆ ತಿನ್ನುವವರು ಮೀನಿಗೆ ಮದ್ದು ಮಾಡೂಕೆ ಹೊರಟಿರಾ?” ಎಂದು ನಮ್ಮ ಓಣಿಯವರು ನಕ್ಕರು. ನನಗೆ ಉತ್ತರ ಬರಲಿಲ್ಲ. ಬಲೆ ಹಾಕಿಯೇ ಸಂಸಾರ ಸಾಕಿದ ಅಜ್ಜ ಹೇಳಿದರು, “ಬಲೆಗೆ ಬಂದದ್ದು ಬೇರೆ. ತಂದು ಕಟ್ಟಿಹಾಕಿದ್ದು ಬೇರೆ. ಅದು ಎಲ್ಲಿಗೆ ಓಡಿಹೋಗಬೇಕು?” ಹೊಳೆಯಲ್ಲಿದ್ದರೆ ಮೀನು ಕೆಟ್ಟ ನೀರು ಬಿಟ್ಟು ದೂರ ಹೋಗುತ್ತಿತ್ತು. ಗಾಜಿನೊಳಗೆ ನಾವು ಕೊಟ್ಟ ನೀರೇ ಗತಿ.

ಗೆಳೆಯರೇ, ಹೊಸ ಮೀನು ತಂದರೆ ಎರಡು ಮೂರು ವಾರ ಬೇರೆ ಬಾಲ್ದಿಯಲ್ಲಿಟ್ಟು ನೋಡಿ, ಆಮೇಲೆ ತೊಟ್ಟಿಗೆ ಬಿಡಿ. ನಿಮ್ಮ ಮೀನಿಗೆ ಚುಕ್ಕೆ ಕಂಡರೆ ಬೈಸಿಕೊಂಡರೂ ಚಿಂತೆಯಿಲ್ಲ, ಅದೇ ದಿನ ಎಲ್ಲರಿಗೂ ಹೇಳಿ. ನಾನು ಮೊದಲ ದಿನವೇ ಹೇಳಿದ್ದರೆ ಆ ಮೂರು ಗಪ್ಪಿಗಳು ಬದುಕುತ್ತಿದ್ದವೇನೋ. ತಂಗಿ ಈಗ ನನ್ನ ಜೊತೆ ಮಾತಾಡುತ್ತಾಳೆ, ಆದರೆ ತೊಟ್ಟಿಯ ಪಾಲು ಹೋಯಿತು. ಈಗ ಎಲ್ಲ ಮೀನೂ ಎಲ್ಲರವು.

ಇದಕ್ಕೆ ಬೇರೆ ಅಭಿಪ್ರಾಯ ಇರುವವರು ಬರೆದು ಪಕ್ಕದಲ್ಲಿ ಅಂಟಿಸಬೇಕಾಗಿ ವಿನಂತಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ