ಕುಂಡದ ಗಿಡಕ್ಕೆ ಹೇನು

ಕಿಟಕಿಯ ಬಳಿ ಇಟ್ಟ ಕಾಡುಬಸಳೆಯ ಚಿಗುರು ಮುದುಡಿದೆಯೇ? ಎಲೆ ಅಂಟಂಟಾಗಿ, ಇರುವೆಗಳು ಸಾಲುಗಟ್ಟಿವೆಯೇ? ಹಾಗಾದರೆ ಭೂತಗನ್ನಡಿ ಹಿಡಿದು ನೋಡಿ. 1ರಿಂದ 3 ಮಿಲಿಮೀಟರ್ ಉದ್ದದ ಮೆತ್ತನೆಯ ಕೀಟಗಳು ಗುಂಪುಗೂಡಿದ್ದರೆ ಅವು ಸಸ್ಯಹೇನುಗಳು. ಇವು ಗಿಡದ ರಸ ಹೀರಿ, ಮಿಕ್ಕ ಸಕ್ಕರೆಯನ್ನು ಸಿಹಿ ಹನಿಯಾಗಿ ಹೊರಹಾಕುತ್ತವೆ. ಇರುವೆ ಬರುವುದು ಅದಕ್ಕೇ.

ಹೆಣ್ಣು ಹೇನು ಗಂಡಿನ ನೆರವಿಲ್ಲದೆ ಮರಿ ಹಾಕಬಲ್ಲದು. ಬೆಚ್ಚನೆಯ ವಾತಾವರಣದಲ್ಲಿ ಆ ಮರಿಯೂ ಸುಮಾರು 7ರಿಂದ 10 ದಿನಗಳಲ್ಲಿ ಮರಿ ಹಾಕತೊಡಗುತ್ತದೆ. ತೋಟದಲ್ಲಾದರೆ ಗುಲಗಂಜಿ ಹುಳು ಇವನ್ನು ತಿನ್ನುತ್ತದೆ. ಮನೆಯೊಳಗೆ ಆ ಕಾವಲು ಇಲ್ಲ.

ಹಾಗೆಂದು ಮಕ್ಕಳು ಓಡಾಡುವ ಕೋಣೆಯಲ್ಲಿ ವಿಷ ಸಿಂಪಡಿಸಬೇಡಿ. ಕುಂಡವನ್ನು ಬೇರೆಯಾಗಿಟ್ಟು, ಒದ್ದೆ ಹತ್ತಿಯಿಂದ ಹೇನುಗಳನ್ನು ಒರೆಸಿ ತೆಗೆಯಿರಿ. ಸಾಲದಿದ್ದರೆ 1 ಲೀಟರ್ ನೀರಿಗೆ 1 ಟೀ ಚಮಚ ಸೌಮ್ಯವಾದ ದ್ರವ ಸೋಪು ಬೆರೆಸಿ, ಎಲೆಯ ಅಡಿಗೂ ತಾಗುವಂತೆ ಚಿಮುಕಿಸಿ. ಸೋಪು ಹೇನಿನ ಮೈಪೊರೆಯನ್ನು ಕೆಡಿಸುತ್ತದೆ. ಆದರೆ ಎಲೆಯ ಮೇಣವನ್ನೂ ಅದು ತೆಗೆಯಬಲ್ಲದು. ಆದ್ದರಿಂದ ಮೊದಲು ಒಂದೇ ಎಲೆಗೆ ಹಾಕಿ ಒಂದು ದಿನ ಕಾಯಿರಿ. ಚಿಮುಕಿಸಿದ ಸ್ವಲ್ಪ ಹೊತ್ತಿಗೆ ಬರಿ ನೀರಿನಿಂದ ತೊಳೆಯಿರಿ; ಎಲೆಗಳ ನಡುವೆ ನೀರು ನಿಂತರೆ ಗಿಡ ಕೊಳೆಯುತ್ತದೆ.

ಸೋಪು ತಾಗಿದ ಹೇನು ಮಾತ್ರ ಸಾಯುತ್ತದೆ. ಉಳಿದ ಒಂದೇ ಹೇನಿನಿಂದ ಮತ್ತೆ ಸಂಸಾರ ಬೆಳೆದೀತು. ಅದಕ್ಕೇ 4–5 ದಿನಗಳಿಗೊಮ್ಮೆ ಚಿಗುರು ನೋಡಿ, ಹೇನು ಕಂಡರೆ ಮತ್ತೆ ತೊಳೆಯಿರಿ. ಇಲ್ಲಿ ಬೇಕಾದುದು ಕಟು ಔಷಧವಲ್ಲ, ಬಿಡದ ನಿಗಾ.