ಉಣುಗಿನ ಅಧ್ಯಯನ ಆಯಿತು, ಕಚ್ಚಿಸಿಕೊಳ್ಳುವವರದ್ದು?

ಅಡಿಕೆ ಕೊಯ್ಲು ಮುಗಿಯುತ್ತಾ ಬಂದಂತೆ ಮಲೆನಾಡಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಬಗೆಯ ಸುದ್ದಿಗಳು ಶುರುವಾಗುತ್ತವೆ. ಕಾಡಂಚಿನಲ್ಲಿ ಮಂಗ ಸತ್ತಿದೆ, ಇಬ್ಬರಿಗೆ ಸೋಂಕು ದೃಢಪಟ್ಟಿದೆ, ಆತಂಕ ಬೇಡ ಎಂದು ಅಧಿಕಾರಿಗಳು ಹೇಳಿದ್ದಾರೆ. ಮಳೆ ಬಿದ್ದ ಮೇಲೆ ಕಾಯಿಲೆಯೂ ಇಳಿಯುತ್ತದೆ, ಸುದ್ದಿಯೂ ನಿಲ್ಲುತ್ತದೆ. ಮುಂದಿನ ವರ್ಷ ಊರಿನ ಹೆಸರು ಮಾತ್ರ ಬದಲಾಗುತ್ತದೆ.

ಮಂಗನ ಕಾಯಿಲೆಯ ವಿಜ್ಞಾನ ನಮ್ಮ ನೆಲದಲ್ಲೇ ಹುಟ್ಟಿದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಮೊದಲು ಅವರಿಗಿತ್ತು. ಸಿಕ್ಕಿದ್ದು ಹೊಸ ವೈರಸ್. ಸೊರಬದ ಆ ಕಾಡಿನ ಹೆಸರು ಇವತ್ತು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ.

ಕಾಯಿಲೆಗೆ ಮಂಗನ ಹೆಸರಿದ್ದರೂ ಮಂಗ ಇದರಲ್ಲಿ ಅಪರಾಧಿಯಲ್ಲ, ನಮ್ಮ ಹಾಗೇ ಬಲಿ. ವೈರಸ್ ಹೊತ್ತು ತಿರುಗುವುದು ಉಣುಗು, ಮುಖ್ಯವಾಗಿ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯದ್ದು. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಹರಡುತ್ತವೆ. ಅದಕ್ಕೇ ಸತ್ತ ಜಾಗದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಪುಡಿ ಹಾಕುವುದು. ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಇಷ್ಟನ್ನು ಪ್ರಯೋಗಾಲಯ ಹೇಳಿತು. ಅಲ್ಲಿಂದ ಮುಂದಿನದ್ದು ಮನುಷ್ಯರ ಬದುಕಿನ ಪ್ರಶ್ನೆ. ಅದಕ್ಕೆ ಸೂಕ್ಷ್ಮದರ್ಶಕ ಸಾಲದು.

ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಈ ದಾರಿ ತೋರಿಸಿದ್ದರು. ಕಾಡು ಕಡಿದು ಊರು, ಗದ್ದೆ ಬೆಳೆದವು. ಜಾನುವಾರು ಕಾಡಂಚಿನಲ್ಲಿ ಮೇಯತೊಡಗಿದವು. ದೊಡ್ಡ ಉಣುಗಿಗೆ ದನದ ರಕ್ತ ಸಿಕ್ಕಿ ಅದರ ಸಂತತಿ ಹೆಚ್ಚಿತು ಎನ್ನುವುದು ಅವರ ವಾದ. ಅರ್ಧ ಶತಮಾನ ಕಳೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಸ್ಥಳೀಯ ಇಲಾಖೆಗಳವರನ್ನೂ ಜೊತೆಗೆ ಕೂರಿಸಿಕೊಂಡು ಅಪಾಯದ ನಕ್ಷೆ ತಯಾರಿಸಿತು. ಕಾಡು ಮತ್ತು ತೋಟ ಬೆರೆತಿರುವ, ನಾಟಿ ದನ ಹೆಚ್ಚಿರುವ ಜಾಗಗಳಲ್ಲಿ ಅಪಾಯ ಹೆಚ್ಚು ಎಂದು ಅದು ಕಂಡುಕೊಂಡಿತು. ಅಂದರೆ ಮಲೆನಾಡಿನ ಸಾಮಾನ್ಯ ಹಳ್ಳಿಯೊಂದರ ಚಿತ್ರವೇ.

ಈಗ ಲಸಿಕೆಯ ಕಥೆ ನೋಡಿ. 2005ರಿಂದ 2010ರ ಅವಧಿಯ ಅಂಕಿಅಂಶ ಆಧರಿಸಿದ ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಶೇ 62.4. ಬೂಸ್ಟರ್ ಕೂಡ ಪಡೆದವರಿಗೆ ಶೇ 82.9. ಒಂದೇ ಡೋಸ್‌ಗೆ ನಿಲ್ಲಿಸಿದವರಿಗೆ ಪ್ರಯೋಜನ ಕಾಣಲಿಲ್ಲ. ಆದರೆ ಎಲ್ಲಾ ಡೋಸ್ ಪೂರೈಸಿದವರೇ ಕಡಿಮೆ. ಚುಚ್ಚಿದ ಜಾಗ ನೋಯುತ್ತದೆ, ಮತ್ತೆ ಮತ್ತೆ ಹೋಗಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಇದನ್ನು ‘ಜನರಿಗೆ ಅರಿವಿಲ್ಲ’ ಎಂದು ಬರೆದು ಮುಗಿಸಿದ್ದು ನಮ್ಮ ಸುದ್ದಿಮನೆಗಳು. 2022ರ ಹೊತ್ತಿಗೆ ಆ ಲಸಿಕೆಯನ್ನೇ, ಪರಿಣಾಮ ಸಾಲದೆಂದು, ನಿಲ್ಲಿಸಲಾಯಿತು. ಹಾಗಾದರೆ ಹಿಂಜರಿದವರನ್ನೆಲ್ಲ ದಡ್ಡರೆಂದದ್ದು ಎಷ್ಟು ಸರಿ?

‘ಕಾಡಿಗೆ ಹೋಗಬೇಡಿ’ ಎಂಬ ಸಲಹೆಯೂ ಹಾಗೇ. ಕೊಟ್ಟಿಗೆಗೆ ಸೊಪ್ಪು, ದರಗು ಬೇಕು. ಒಲೆಗೆ ಸೌದೆ ಬೇಕು. ಅದರಿಂದಲೇ ಗೊಬ್ಬರ, ಆ ಗೊಬ್ಬರದಿಂದಲೇ ತೋಟ. ಉಣುಗು ಜೋರಾಗುವ ಬೇಸಿಗೆಯೇ ದರಗು ಒಟ್ಟುವ ಕಾಲ. ಕಾಡಿಗೆ ಹೋಗದಿದ್ದರೆ ಆ ಮನೆಯ ವರ್ಷ ಹೇಗೆ ಸಾಗಬೇಕು ಎಂದು ಭಿತ್ತಿಪತ್ರ ಹೇಳುವುದಿಲ್ಲ. ಆಶಾ ಕಾರ್ಯಕರ್ತೆ ಕೊಟ್ಟ ಡೇಪಾ ಎಣ್ಣೆಯನ್ನು ಯಾರು ಹಚ್ಚಿಕೊಳ್ಳುತ್ತಾರೆ, ಯಾರು ಮೂಲೆಗಿಡುತ್ತಾರೆ, ಯಾಕೆ? ಇದೂ ವಿಜ್ಞಾನದ ಪ್ರಶ್ನೆಯೇ. ಉಣುಗನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಇದನ್ನು ಕೇಳಿ, ದಾಖಲಿಸಿ, ಪರೀಕ್ಷಿಸಬೇಕು. ಜೀವಶಾಸ್ತ್ರ ದೊಡ್ಡದು, ವರ್ತನೆಯ ಅಧ್ಯಯನ ಬರೀ ಹರಟೆ ಎಂಬ ಧೋರಣೆಯ ಬೆಲೆಯನ್ನು ತೆರುವವರು ಸೌದೆ ತರಲು ಹೋದವರು.

ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬಂದಾಗ ಹಳೆಯ ತಪ್ಪು ಮರುಕಳಿಸಬಾರದು. ಎಷ್ಟು ಡೋಸ್, ಎಷ್ಟು ರಕ್ಷಣೆ, ಎಷ್ಟು ನೋವು ಎಂಬುದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಲಿ. ರಕ್ತದ ಮಾದರಿ ಕೊಟ್ಟ ಊರಿಗೆ ಫಲಿತಾಂಶವನ್ನೂ ತಲುಪಿಸಲಿ. ಇಂಗ್ಲಿಷ್ ನಿಯತಕಾಲಿಕದಲ್ಲಿ ಅಚ್ಚಾದರೆ ಸಂಶೋಧನೆ ಮುಗಿದಂತಲ್ಲ.

ವರದಿ ಬರೆಯುವ ನಮಗೂ ಒಂದು ಕೆಲಸವಿದೆ. ಮುಂದಿನ ಸಲ ಮಂಗ ಸತ್ತ ಸುದ್ದಿ ಬಂದಾಗ ಎಷ್ಟು ಪ್ರಕರಣ ಎಂದು ವೈದ್ಯಾಧಿಕಾರಿಯನ್ನು ಕೇಳುವುದರ ಜೊತೆಗೆ ಆ ಊರಲ್ಲಿ ಈ ತಿಂಗಳು ದರಗು ತರಲು ಯಾರು ಹೋಗುತ್ತಾರೆ ಎಂದೂ ಕೇಳೋಣ. ಸಂಶೋಧಕರಿಗೆ ಬೇಕಾದ ಎಷ್ಟೋ ಉತ್ತರ ಆ ಮನೆಗಳಲ್ಲಿದೆ.